ಗಂಧದ ಸೋಪು ಎರಡು ಸಲ ಗೆದ್ದ ಕಥೆ

ನನ್ನ ವಾರಿಗೆಯ ಹೆಂಗಸರಲ್ಲಿ ಸೀರೆಗಳ ಮಡಿಕೆಯ ನಡುವೆ ಮೈಸೂರು ಸ್ಯಾಂಡಲ್ ಸೋಪಿನ ಖಾಲಿ ಡಬ್ಬಿ ಇಡದವರು ಕಡಿಮೆ. ಬಚ್ಚಲಿನಲ್ಲಿ ಸೋಪು ಕರಗಿ ತಿಂಗಳಾದರೂ ಡಬ್ಬಿಯ ಪರಿಮಳ ಹೋಗುವುದಿಲ್ಲ. ಇಷ್ಟು ಪರಿಚಯದ ಈ ವಸ್ತುವಿಗೂ ಒಂದು ಇತಿಹಾಸವಿದೆ, ಎರಡು ಗಂಡಾಂತರಗಳಿವೆ. ತರಗತಿಯಲ್ಲಿ ಮೊದಲ ಮಹಾಯುದ್ಧದ ಪಾಠ ಬಂದಾಗ ನಾನು ಇದನ್ನು ಹೇಳದೆ ಮುಂದೆ ಹೋಗುವುದಿಲ್ಲ.

ಯುದ್ಧಕ್ಕೂ ಸೋಪಿಗೂ ಏನು ನಂಟು ಎಂದು ಮಕ್ಕಳು ಕೇಳುತ್ತಾರೆ. ನಂಟು ಇದೆ. ಆಗ ಮೈಸೂರು ಸಂಸ್ಥಾನದ ಗಂಧದ ಕೊರಡುಗಳು ಹಡಗೇರಿ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗುತ್ತಿದ್ದವು. ಮರ ನಮ್ಮದು, ಎಣ್ಣೆ ತೆಗೆಯುವ ವಿದ್ಯೆ ಅವರದು. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. ಕಡಿದ ಮರ ಇಲ್ಲೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ದಿವಾನರು ವಿಶ್ವೇಶ್ವರಯ್ಯನವರು. ಕೈಕಟ್ಟಿ ಕೂರುವ ಜನವಲ್ಲ. ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯ ಪ್ರೊಫೆಸರುಗಳಾದ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಇಳಿಸುವ ಕ್ರಮಕ್ಕೆ ನೆರವಾದರು. 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಬಂತು. ಇಂಗ್ಲೆಂಡಿಗೆ ಹೋಗಿ ಕಲಿತು ಬಂದ ಎಸ್.ಜಿ. ಶಾಸ್ತ್ರಿಗಳು ಆ ಎಣ್ಣೆಯನ್ನು ಸೋಪಿಗೆ ಬೆರೆಸುವ ಹದ ಕಂಡುಕೊಂಡರು. 1918ರ ಹೊತ್ತಿಗೆ ಸೋಪು ತಯಾರಾಗತೊಡಗಿತು. ಮೊಟ್ಟೆಯಂಥ ಆಕಾರ, ಒಡವೆಯ ಪೆಟ್ಟಿಗೆಯಂಥ ಡಬ್ಬಿ, ಅದರ ಮೇಲೆ ಆನೆಯ ತಲೆ, ಸಿಂಹದ ಮೈಯಿರುವ ಶರಭ! ಹೀಗೆ ಕೊರಡು ಮಾರುತ್ತಿದ್ದ ನಾಡು ಸೋಪು ಮಾರುವ ನಾಡಾಯಿತು.

ಎರಡನೆಯ ಗಂಡಾಂತರ ನಮ್ಮ ಕಣ್ಣೆದುರಿಗೇ ಬಂತು. 1980ರಲ್ಲಿ ಕಾರ್ಖಾನೆ ಸರ್ಕಾರಿ ಕಂಪನಿಯಾಯಿತು. 1990ರ ದಶಕದಲ್ಲಿ ಅಂಗಡಿಯ ತುಂಬ ಬಹುರಾಷ್ಟ್ರೀಯ ಕಂಪನಿಗಳ ಸೋಪುಗಳು, ಟಿ.ವಿ. ತುಂಬ ಅವುಗಳ ಜಾಹೀರಾತು. ಇತ್ತ ನಮ್ಮ ಕಾರ್ಖಾನೆಯಲ್ಲಿ ತಯಾರಿಸುವವರಿಗೂ ಮಾರುವವರಿಗೂ ಹೊಂದಾಣಿಕೆಯಿರಲಿಲ್ಲ. ನಷ್ಟ ಬೆಳೆದು, ರೋಗಗ್ರಸ್ತ ಉದ್ಯಮಗಳನ್ನು ನೋಡಿಕೊಳ್ಳುವ ಬಿ.ಐ.ಎಫ್.ಆರ್. ಬಾಗಿಲಿಗೆ ಹೋಗಬೇಕಾಯಿತು. ಮನೆಯಲ್ಲಿ ಯಜಮಾನರಿಗೆ ಕಾಯಿಲೆಯಾದರೆ ಎಷ್ಟು ಜನರ ಅನ್ನ ಅಲುಗಾಡುತ್ತದೆಂದು ನಮಗೆ ಗೊತ್ತು. ಕಾರ್ಖಾನೆಯದೂ ಅದೇ ಕಥೆ.

1996ರಲ್ಲಿ ಪುನಶ್ಚೇತನ ಯೋಜನೆ ಸಿಕ್ಕಿತು. ಕೆಲಸದ ರೀತಿ ಬದಲಾಯಿತು. 2003ರ ಹೊತ್ತಿಗೆ ಹಳೆಯ ನಷ್ಟವೆಲ್ಲ ತೀರಿತು. 2006ರಲ್ಲಿ ಕ್ರಿಕೆಟಿನ ಧೋನಿ ಈ ಸೋಪಿನ ರಾಯಭಾರಿಯಾದರು. 2012ರಲ್ಲಿ 720 ರೂಪಾಯಿ ಬೆಲೆಯ ‘ಮಿಲೇನಿಯಂ’ ಸೋಪೂ ಬಂತು. ಒಂದು ಸೋಪಿಗೆ ಅಷ್ಟು ಹಣವೇ ಎಂದು ನಾವು ಮೂಗಿನ ಮೇಲೆ ಬೆರಳಿಡಬಹುದು. ಆದರೆ ಗಮನಿಸಿ, ಬದಲಾದದ್ದು ಆಡಳಿತ, ಮಾರಾಟ, ಪ್ರಚಾರ. ಗಂಧದ ಆ ಪರಿಮಳವನ್ನು ಅವರು ಬಿಟ್ಟುಕೊಡಲಿಲ್ಲ. ಹೊಸ ಸೋಪುಗಳಂತಾಗಲು ಹೋಗಿ ಅದನ್ನೇ ಬಿಟ್ಟಿದ್ದರೆ ಉಳಿಯುತ್ತಿದ್ದುದು ಬರೀ ಹೆಸರು.

ಇನ್ನೊಂದು ಚಿಂತೆಯೂ ಇತ್ತು: ಮರದ್ದು. ಟಿಪ್ಪು 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದ. ಆಮೇಲೂ ಅದು ಸರ್ಕಾರದ ಸ್ವತ್ತಾಗಿಯೇ ಉಳಿಯಿತು. ತನ್ನದಲ್ಲದ ಮರವನ್ನು ಯಾರು ತಾನೇ ಕಾಪಾಡಿ ಬೆಳೆಸುತ್ತಾರೆ? 2001ರ ಕಾನೂನು ತಿದ್ದುಪಡಿಯಿಂದ ಕರ್ನಾಟಕದಲ್ಲಿ ಜಮೀನಿನವರೇ ಮರದ ಒಡೆಯರಾದರು. ಆದರೆ ಗಂಧದ ಚೇಗು ಬಲಿಯಲು ವರುಷಗಳೇ ಬೇಕು, ಅವಸರ ಮಾಡುವಂತಿಲ್ಲ. ಮೇಲಾಗಿ ಅದು ಒಂಟಿಯಾಗಿ ಬೆಳೆಯುವ ಮರವಲ್ಲ, ಪಕ್ಕದ ಗಿಡದ ಬೇರಿನಿಂದಲೂ ಸತ್ವ ಪಡೆದು ಬೆಳೆಯುವಂಥದು. ಆ ಸೋಪೂ ಹಾಗೆಯೇ ಅಲ್ಲವೇ? ರಾಜರು, ವಿಜ್ಞಾನಿಗಳು, ಕಾರ್ಮಿಕರು, ಕೊಂಡು ಬಳಸಿದ ಮನೆಗಳು – ಇಷ್ಟು ಬೇರುಗಳ ಆಸರೆಯಿಂದಲೇ ಅದು ನೂರು ವರ್ಷ ದಾಟಿತು.