ಒಡೆದ ಬೀಡನ್ನು ಕೂಡಿಸುವ ವಿದ್ಯೆ

ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆಗೆ ಹೋಗುವಾಗ ರಸ್ತೆಬದಿಯ ವೆಲ್ಡಿಂಗ್ ಶಾಪುಗಳ ಮುಂದೆ ಗಾಣದ ಭಾಗಗಳು ಬಿದ್ದಿರುತ್ತವೆ: ಹಲ್ಲು ಮುರಿದ ಚಕ್ರ, ಸವೆದ ಉರುಳೆ, ಮೂಲೆಯಲ್ಲಿ ಸೀಳಿದ ಚೌಕಟ್ಟು. ನನ್ನ ಕಣ್ಣು ಮೊದಲು ಹೋಗುವುದು ಚೌಕಟ್ಟಿನ ಕಡೆಗೆ. ಮೂರು ಉರುಳೆಗಳು ಕಬ್ಬನ್ನು ಹಿಂಡುವಾಗ ಕಬ್ಬೂ ಸುಮ್ಮನಿರುವುದಿಲ್ಲ, ಉರುಳೆಗಳನ್ನು ದೂರ ತಳ್ಳುತ್ತದೆ. ಆ ತಳ್ಳಾಟವನ್ನೆಲ್ಲ ತಡೆದು ನಿಲ್ಲುವುದು ಎರಡು ಬದಿಯ ಬೀಡಿನ, ಅಂದರೆ ಎರಕದ ಕಬ್ಬಿಣದ, ಚೌಕಟ್ಟು. ಕಬ್ಬಿನ ಜೊತೆ ಒಂದು ಕಲ್ಲೋ ಮುರಿದ ಕುಡುಗೋಲಿನ ತುಂಡೋ ಒಳಗೆ ಹೋದರೆ ಸಾಕು, ಒಳಮೂಲೆಯಲ್ಲಿ ಕೂದಲೆಳೆಯಂಥ ಗೀರು ಬೀಳುತ್ತದೆ. ಅತ್ತ ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ, ಇತ್ತ ಕಡಿದ ಕಬ್ಬು ಅಂಗಳದಲ್ಲಿ ಒಣಗುತ್ತಿರುತ್ತದೆ. ಹೊಸ ಎರಕ ಬರುವ ತನಕ ಕಾಯುವ ಮಾತೇ ಇಲ್ಲ. ಈ ಸೀಮೆಯಲ್ಲಿ ಬೀಡು ಕೂಡಿಸುವ ಕಸುಬು ಬಲಿತದ್ದು ಇಂಥ ಅವಸರದಲ್ಲಿ.

ಬೀಡು ನಮ್ಮ ಹಳೆಯ ಕುಲುಮೆಗಳ ಲೋಹವಲ್ಲ. ಇಲ್ಲಿಯ ಕಮ್ಮಾರರು ಕರಗಿಸದೆ, ಕಾಯಿಸಿ ಬಡಿದು ಹದ ಮಾಡಿದ ಕಬ್ಬಿಣವನ್ನು ಬಲ್ಲವರು.  ಟಿಪ್ಪುವಿನ ಕಾಲದ ಮೈಸೂರಿನ ರಾಕೆಟ್ ಕೊಳವೆಗಳೂ ಬಡಿದ ಕಬ್ಬಿಣದವೇ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಳೆಯ ಬಾವಿಯಿಂದ ಅಂಥವು ಸಾವಿರಕ್ಕೂ ಹೆಚ್ಚು ಸಿಕ್ಕವು. ಬಡಿದ ಕಬ್ಬಿಣ ತುಂಡಾದರೆ ಎರಡು ತುದಿಯನ್ನೂ ಬೆಳ್ಳಗೆ ಕಾಯಿಸಿ, ಒಂದರ ಮೇಲೊಂದಿಟ್ಟು ಚಮ್ಮಟಿಗೆಯಿಂದ ಹೊಡೆದರೆ ಕೂಡಿಕೊಳ್ಳುತ್ತದೆ. ಬೀಡಿಗೆ ಈ ಉಪಾಯ ನಡೆಯದು. ಅದರಲ್ಲಿ ಶೇ. 2.5ರಿಂದ 4ರಷ್ಟು ಇಂಗಾಲವಿದ್ದು, ಬಹುಪಾಲು ಗ್ರಾಫೈಟಿನ ತೆಳು ಚಕ್ಕೆಗಳಾಗಿ ಒಳಗೆಲ್ಲ ಹರಡಿರುತ್ತದೆ. ಪ್ರತಿ ಚಕ್ಕೆಯೂ ಹುಟ್ಟಿನಿಂದಲೇ ಬಂದ ಒಂದು ಸಣ್ಣ ಬಿರುಕಿನಂತೆ. ಅದುಮಿದರೆ ಬೀಡು ಗಟ್ಟಿಗ. ಎಳೆದರೆ ಅದರ ಮೂರನೆಯ ಒಂದು ಭಾಗದಷ್ಟೂ ತಡೆಯಲಾರದು. ಸುತ್ತಿಗೆ ಬಿದ್ದರೆ ಬಾಗದು, ಸಿಡಿಯುತ್ತದೆ.

ಬೀಡು ಇಲ್ಲಿಗೆ ಬಂದದ್ದು ಕಬ್ಬಿನ ಹಿಂದೆ. 1847ರಲ್ಲಿ ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಯಿತು. ರೈತರ ಬೆಲ್ಲವನ್ನು ಕೊಂಡು ಸಕ್ಕರೆ ಮಾಡುತ್ತಿದ್ದ ಕಾರ್ಖಾನೆ ಅದು. 1870ರ ದಶಕದಲ್ಲಿ ಬಿಹಾರದ ಬೆಹಿಯಾದಲ್ಲಿ ರೂಪುಗೊಂಡ ಕಬ್ಬಿಣದ ಗಾಣ ದೇಶವೆಲ್ಲ ಹಬ್ಬಿ, ಮರದ ಗಾಣ, ಕಲ್ಲುಗಾಣಗಳು ಹಿಂದೆ ಸರಿದವು. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಇಳಿದ ಮೇಲಂತೂ ಕಬ್ಬು ಮಂಡ್ಯ ಸೀಮೆಯ ಬೆಳೆಯಾಯಿತು, 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಎರಕದ ಯಂತ್ರಗಳ ಜೊತೆಗೇ ಎರಕದ ಬಿರುಕುಗಳೂ ಊರಿಗೆ ಬಂದವು.

ಬೀಡಿನ ಮೊದಲ ಮದ್ದು ಪಟ್ಟಿ. ಗಾಡಿಚಕ್ರಕ್ಕೆ ಹಳಿ ಕಟ್ಟುವುದನ್ನು ಕಂಡವರಿಗೆ ಇದರ ಮರ್ಮ ಹೇಳಿಕೊಡಬೇಕಾಗಿಲ್ಲ. ಚಕ್ರಕ್ಕಿಂತ ಕೊಂಚ ಕಿರಿದಾದ ಹಳಿಯನ್ನು ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ತೊಡಿಸಿ ನೀರು ಹೊಯ್ದರೆ, ಅದು ಬಿಗಿದುಕೊಂಡು ಮರದ ಕೀಲುಗಳನ್ನೆಲ್ಲ ಅಪ್ಪಿ ಹಿಡಿಯುತ್ತದೆ. ಸೀಳಿದ ಎರಕಕ್ಕೂ ಹೀಗೆ ಉಕ್ಕಿನ ಬಳೆ ತೊಡಿಸುತ್ತಿದ್ದರು. ಬಳೆ ಕೂರದ ಕಡೆ ತಗಡಿಟ್ಟು ತಿರುಪು ಬಿಗಿಯುತ್ತಿದ್ದರು. ನೋಡಲು ಒರಟು. ಆದರೆ ಬೀಡು ತಾಳಿಕೊಳ್ಳುವುದು ಅದುಮುವ ಬಲವನ್ನು, ಬಳೆ ಕೊಡುವುದೂ ಅದನ್ನೇ. ಆ ಹಳಬರ ಬುದ್ಧಿಗೆ ನನ್ನ ಗೌರವವಿದೆ.

ಆಮೇಲೆ ಬಂದದ್ದು ಬೆಂಕಿಯ ಕಾಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಸಿಟಿಲೀನ್ ಜ್ವಾಲೆ ಬಂತು, ಹಿಂದೆಯೇ ವಿದ್ಯುತ್ ಬೆಸುಗೆ. ಅದಕ್ಕೆ ಹೆಸರು ತಂದದ್ದು 1917ರ ಪ್ರಸಂಗ. ಅಮೆರಿಕದ ಬಂದರುಗಳಲ್ಲಿ ಸಿಕ್ಕಿಬಿದ್ದಿದ್ದ ಜರ್ಮನ್ ಹಡಗುಗಳ ಬೀಡಿನ ಸಿಲಿಂಡರುಗಳನ್ನು ಅವುಗಳ ಸಿಬ್ಬಂದಿಯೇ ಒಡೆದುಹಾಕಿದ್ದರು. ಹೊಸ ಸಿಲಿಂಡರು ಎರೆಯದೆ ಗತಿಯಿಲ್ಲ ಎನಿಸಿದ್ದ ಹಡಗುಗಳು ವಿದ್ಯುತ್ ಬೆಸುಗೆಯಿಂದ ಕೆಲವೇ ತಿಂಗಳಲ್ಲಿ ಮತ್ತೆ ಸಮುದ್ರಕ್ಕಿಳಿದವು. ನಮ್ಮಲ್ಲಿ 1923ರಲ್ಲಿ ಭದ್ರಾವತಿಯ ಕುಲುಮೆ ಬೀಡು ಸುರಿಸತೊಡಗಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಹುಟ್ಟಿ ಲೇತುಗಳು ಹತ್ತಿರವಾದವು. ರಿಪೇರಿ ಅಂಗಡಿಗಳಿಗೆ ಕಸುವು ಬಂದದ್ದು ಹೀಗೆ.

ಆದರೆ ಬೆಂಕಿಯೇ ಬೀಡಿನ ಶತ್ರು. ಬೆಸುಗೆಯ ಅಂಚಿನಲ್ಲಿ ಕರಗಿದ ಬೀಡು ಸುತ್ತಲಿನ ತಣ್ಣನೆಯ ಲೋಹದಿಂದಾಗಿ ಥಟ್ಟನೆ ಆರುತ್ತದೆ. ಗ್ರಾಫೈಟ್ ಆಗಬೇಕಿದ್ದ ಇಂಗಾಲ ಕಬ್ಬಿಣದ ಜೊತೆ ಸೇರಿ ಗಾಜಿನಂತೆ ಗಡುಸಾದ ಬಿಳಿ ಬೀಡಾಗುತ್ತದೆ. ಮೇಲೆ ಹಾಕಿದ ಬೆಸುಗೆ ಆರುತ್ತ ಕುಗ್ಗಿ ಎಳೆಯುತ್ತದೆ, ಎಳೆತ ಬೀಡಿಗೆ ಆಗದು. ಟಣ್ಣೆಂದು ಸದ್ದಾಗಿ, ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು. ಇದಕ್ಕೆ ಕಂಡುಕೊಂಡ ದಾರಿ ಎರಡು. ಒಂದು, ಇಡೀ ಎರಕವನ್ನು 500–600 ಡಿಗ್ರಿಗೆ ಕಾಯಿಸಿ ಬೆಸೆದು ಬೂದಿಯಲ್ಲಿ ಹೂತು ಒಂದೆರಡು ದಿನ ಆರಲು ಬಿಡುವುದು. ಆಲೆಮನೆಯಲ್ಲಿ ಬೂದಿಗೇನೂ ಬರವಿಲ್ಲ, ಬರವಿರುವುದು ಆ ಎರಡು ದಿನಕ್ಕೆ. ಇನ್ನೊಂದು, ನಿಕ್ಕಲ್ ರಾಡಿನಿಂದ ಅಂಗುಲದಷ್ಟು ಬೆಸೆದು, ಬಿಸಿಯಿರುವಾಗಲೇ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕೈ ಇಡುವಷ್ಟು ಆರಿದ ಮೇಲೆ ಮುಂದಿನ ಅಂಗುಲಕ್ಕೆ ಹೋಗುವುದು. ದುಬಾರಿ ರಾಡು, ದೊಡ್ಡ ತಾಳ್ಮೆ. ನನ್ನ ಪರಿಚಯದ ಒಂದು ಗಾಣದ ಚೌಕಟ್ಟಿಗೆ ಅವಸರದಲ್ಲಿ ಮಾಮೂಲಿ ರಾಡು ಎಳೆದದ್ದು ಎರಡು ದಿನವೂ ಬಾಳಲಿಲ್ಲ. ಬಿರುಕು ಮೊದಲಿಗಿಂತ ಒಂದು ಗೇಣು ಉದ್ದವಾಯಿತು.

ಮೂರನೆಯ ಘಟ್ಟ ತಣ್ಣನೆಯ ಹೊಲಿಗೆ. 1930ರ ದಶಕದಲ್ಲಿ ಟೆಕ್ಸಾಸಿನ ಎಣ್ಣೆಬಾವಿಗಳ ಬಳಿ, ಕಿಡಿ ಹಾರಿದರೆ ಅನಾಹುತವಾಗುವ ಜಾಗದಲ್ಲಿ, ಇದು ಬೆಳೆಯಿತು. ಮೊದಲು ಬಿರುಕಿನ ಎರಡು ತುದಿಗೂ ತೂತು ಕೊರೆದು ಅದು ಮುಂದೆ ಹರಿಯದಂತೆ ತಡೆಯುತ್ತಾರೆ. ಅಡ್ಡಡ್ಡಲಾಗಿ ತೂತಿನ ಸಾಲು ಕೊರೆದು, ಗಂಟುಗಂಟಾದ ಲೋಹದ ಕೀಲಿಗಳನ್ನು ಬಡಿದು ಕೂರಿಸುತ್ತಾರೆ. ಬಳಿಕ ಬಿರುಕಿನುದ್ದಕ್ಕೂ ಒಂದರ ಅಂಚು ಇನ್ನೊಂದನ್ನು ಕಚ್ಚುವಂತೆ ತಿರುಪು ಮೊಳೆಗಳನ್ನು ಪೋಣಿಸಿ ಮೇಲ್ಮೈ ಉಜ್ಜುತ್ತಾರೆ. ಈಚಿನ ಮೊಳೆಗಳ ಮರೆ ಕೊಕ್ಕೆಯಂತಿದ್ದು, ಬಿಗಿದಷ್ಟೂ ಎರಡು ಬದಿಯನ್ನು ಹತ್ತಿರ ಎಳೆಯುತ್ತದೆ. ಬೆಂಕಿಯಿಲ್ಲವಾದ್ದರಿಂದ ಎರಕ ಸೊಟ್ಟಗಾಗುವುದಿಲ್ಲ.

ಇದೇ ಗುಣ ಈಗ, ಪಿಸ್ಟನ್ನಿನ ಬದಲು ರೋಟರ್ ಸುತ್ತುವ ರೋಟರಿ (ವಾಂಕೆಲ್) ಇಂಜಿನ್ನಿಗೆ ಬೇಕಾಗಿದೆ. ಕರ್ನಾಟಕಕ್ಕೆ ಈ ಇಂಜಿನ್ನು ಹೊಸತಲ್ಲ: ಬೆಂಗಳೂರಿನ ಎನ್.ಎ.ಎಲ್., ಎ.ಡಿ.ಇ. ಮತ್ತು ಆಗಿನ ಅಹ್ಮದ್‌ನಗರದ ವಿ.ಆರ್.ಡಿ.ಇ. ಸಂಶೋಧನಾ ಸಂಸ್ಥೆಗಳು ಸೇರಿ ರೂಪಿಸಿದ 55 ಅಶ್ವಶಕ್ತಿಯ ವಾಂಕೆಲ್ ಇಂಜಿನ್ನು 2009ರಲ್ಲಿ ಕೋಲಾರದ ಬಳಿ ಚಾಲಕರಹಿತ ನಿಶಾಂತ್ ವಿಮಾನವನ್ನು ಹಾರಿಸಿತು. ಬಿರುಕಿನ ಕಥೆ ಹೆಚ್ಚು ಕೇಳಿಬರುವುದು ಮಾಜ್ದಾ ಕಾರುಗಳ ಇಂಜಿನ್ನಿನಲ್ಲಿ. ಬೀಡಿನ ಫಲಕ, ಅಲ್ಯೂಮಿನಿಯಂ ಕವಚ, ಮತ್ತೆ ಬೀಡಿನ ಫಲಕ ಎಂದು ಪೇರಿಸಿ ಉದ್ದನೆಯ ಬೋಲ್ಟುಗಳಿಂದ ಬಿಗಿದ ಕಟ್ಟು ಅದು. ಟರ್ಬೊ ಹಾಕಿ ಶಕ್ತಿಯನ್ನು ಎರಡು ಮೂರು ಪಟ್ಟು ಏರಿಸಿದರೆ ಇಡೀ ಕಟ್ಟು ತಿರುಚಿಕೊಳ್ಳುತ್ತದೆ. ಆ ಬಲವೆಲ್ಲ ಫಲಕಗಳನ್ನು ಸರಿಯಾಗಿ ಕೂರಿಸುವ ಗೂಟಗಳ ಮೇಲೆ ಬಿದ್ದು, ಗೂಟದ ತೂತಿನ ಸುತ್ತಲ ತೆಳು ಗೋಡೆ ಸೀಳುತ್ತದೆ. ಅಂಥ ಒಂದು ಗೂಟದೊಳಗೆ ಎಣ್ಣೆಯೂ ಹರಿಯುವುದರಿಂದ ಸೋರಿಕೆ ಬೇರೆ. ಗಾಣದ ಚೌಕಟ್ಟಿನ ಕಥೆಯೇ ಇದು; ಸುತ್ತುವುದರ ತಳ್ಳಾಟವನ್ನು ನಿಂತದ್ದು ಹೊರಬೇಕು, ಒಡೆಯುವುದು ತೆಳುವಾದ ಕಡೆ. ಇಲ್ಲಿ ಬೆಸುಗೆ ಹಾಕಿದರೆ ರೋಟರ್ ಉಜ್ಜಿ ಓಡುವ ಮುಖ ಸೊಟ್ಟಗಾಗಿ ಫಲಕವೇ ಹಾಳು. ಅದಕ್ಕೇ ಹೊಲಿಗೆ, ಹೆಚ್ಚುವರಿ ಗೂಟ, ದಪ್ಪ ಬೋಲ್ಟು. ಹಣವುಳ್ಳವರು ಉಕ್ಕಿನ ಗಟ್ಟಿಯಿಂದ ಕಡೆದ ಫಲಕವನ್ನೇ ಹಾಕುತ್ತಾರೆ.

ನಮ್ಮ ಆಲೆಮನೆಗಳಿಗೂ ಈ ಹೊಲಿಗೆ ಬರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಬೈರಿಗೆ, ಮರೆ ಕೊರೆಯುವ ಟ್ಯಾಪು, ಹದವಾದ ಮೊಳೆ ಇದ್ದರೆ ಚೌಕಟ್ಟನ್ನು ಕಳಚದೆ, ನಿಂತಲ್ಲೇ ಕೂಡಿಸಬಹುದು. ಗಾಣ ನಿಂತಿರುವ ದಿನಗಳಲ್ಲಿ ಒಳಮೂಲೆಗಳಿಗೆ ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣ ಬಳಿದು ಅರ್ಧ ಗಂಟೆ ಬಿಡಿ. ಗೀರಿದ್ದರೆ ಒಳಗೆ ಇಳಿದ ಎಣ್ಣೆ ಹೊರಬಂದು, ಬಿಳಿ ಸುಣ್ಣದ ಮೇಲೆ ಕಪ್ಪು ಎಳೆಯಾಗಿ ತಾನೇ ಕಾಣಿಸಿಕೊಳ್ಳುತ್ತದೆ.