ಪೆನ್ಸಿಲ್ವೇನಿಯಾದ ಸುಂಕದ ಹೆದ್ದಾರಿ: ಅದರ ಚರಿತ್ರೆ ಮತ್ತು ವಿನ್ಯಾಸ

ರಸ್ತೆಯ ವೆಚ್ಚವನ್ನು ಸಮಸ್ತ ಪ್ರಜೆಗಳು ಹೊರಬೇಕೆ ಅಥವಾ ಅದರ ಮೇಲೆ ಸಂಚರಿಸುವವರು ಮಾತ್ರ ಹೊರಬೇಕೆ ಎಂಬ ಪ್ರಶ್ನೆ ರಾಜ್ಯವ್ಯವಸ್ಥೆಯಷ್ಟೇ ಹಳೆಯದು. ಮೋಟಾರು ವಾಹನಗಳ ಯುಗದಲ್ಲಿ ಈ ಪ್ರಶ್ನೆಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳು ಕೊಟ್ಟ ಮೊದಲ ದೊಡ್ಡ ಉತ್ತರವೆಂದರೆ ೧೯೪೦ನೆಯ ಅಕ್ಟೋಬರ್ ೧ರಂದು ಸಂಚಾರಕ್ಕೆ ತೆರೆದ ಪೆನ್ಸಿಲ್ವೇನಿಯಾ ಟರ್ನ್‌ಪೈಕ್. ಆ ರಸ್ತೆ ಎಲ್ಲಿ ಹಾದುಹೋಯಿತು, ಏಕೆ ಅಲ್ಲಿಯೇ ಹಾದುಹೋಯಿತು, ಅದರ ಸುಂಕಕ್ಕೆ ವಿಧಿಸಿದ್ದ ಅವಧಿ ಏನಾಯಿತು ಎಂಬ ಮೂರು ವಿಷಯಗಳನ್ನು ಪ್ರಕೃತ ಲೇಖನದಲ್ಲಿ ವಿಚಾರಿಸುತ್ತೇವೆ.

‘ಮೊದಲ’ ಎಂಬ ಮಾತನ್ನು ಇಲ್ಲಿ ಎಚ್ಚರಿಕೆಯಿಂದ ಬಳಸಬೇಕು. ‘ಟರ್ನ್‌ಪೈಕ್’ ಎಂಬುದು ದಾರಿಗೆ ಅಡ್ಡಲಾಗಿ ನಿಲ್ಲಿಸಿ, ಸುಂಕ ಸಂದಾಯವಾದ ಮೇಲೆ ತಿರುಗಿಸುತ್ತಿದ್ದ ಕಂಬದ ಹೆಸರು. ಇದೇ ಪೆನ್ಸಿಲ್ವೇನಿಯಾದಲ್ಲಿ ಫಿಲಡೆಲ್ಫಿಯಾದಿಂದ ಲ್ಯಾಂಕಾಸ್ಟರ್‌ವರೆಗೆ ೬೨ ಮೈಲಿಗಳ ಸುಂಕದ ರಸ್ತೆಯೊಂದನ್ನು ಖಾಸಗಿ ಕಂಪೆನಿಯೊಂದು ೧೭೯೫ರಷ್ಟು ಹಿಂದೆಯೇ ಮುಗಿಸಿತ್ತು. ಕಾಲುವೆಗಳೂ ರೈಲುಗಳೂ ಬಂದ ತರುವಾಯ ಅಂತಹ ಕಂಪೆನಿಗಳು ಕ್ಷೀಣಿಸಿದುವು. ರಸ್ತೆಯು ಸರ್ಕಾರದ ಹೊಣೆಯೆಂಬ ಭಾವನೆ ಬಲಿಯಿತು. ೧೯೧೬ರ ಕೇಂದ್ರ ಶಾಸನವಂತೂ ತನ್ನ ಸಹಾಯಧನದಿಂದಾದ ರಸ್ತೆಗಳಲ್ಲಿ ಯಾವ ಬಗೆಯ ಸುಂಕವನ್ನೂ ವಸೂಲು ಮಾಡಕೂಡದೆಂದು ವಿಧಿಸಿತು. ಆದ್ದರಿಂದ ೧೯೪೦ರ ರಸ್ತೆ ಹಳೆಯ ಪದ್ಧತಿಯ ಮುಂದುವರಿಕೆಯಲ್ಲ. ಒಮ್ಮೆ ಕೈಬಿಟ್ಟುದನ್ನು ಹೊಸ ಕಾರಣಗಳಿಗಾಗಿ ಮತ್ತೆ ಕೈಗೆತ್ತಿಕೊಂಡುದು.

೧. ಕೈಬಿಟ್ಟ ರೈಲುಮಾರ್ಗ

ಪೆನ್ಸಿಲ್ವೇನಿಯಾದ ನಡುವೆ ಅಲೆಘೆನಿ ಪರ್ವತಪಂಕ್ತಿಗಳು ಈಶಾನ್ಯದಿಂದ ನೈಋತ್ಯಕ್ಕೆ ಒಂದರ ಹಿಂದೊಂದು ಗೋಡೆಗಳಂತೆ ಹಬ್ಬಿವೆ. ಪೂರ್ವದ ಫಿಲಡೆಲ್ಫಿಯಾದಿಂದ ಪಶ್ಚಿಮದ ಪಿಟ್ಸ್‌ಬರ್ಗಿಗೆ ಹೋಗುವವನು ಇವೆಲ್ಲವನ್ನೂ ಹತ್ತಿ ಇಳಿಯಬೇಕಾಗಿತ್ತು. ೧೮೮೦ರ ದಶಕದ ಮೊದಲಲ್ಲಿ ವಿಲಿಯಂ ವ್ಯಾಂಡರ್‌ಬಿಲ್ಟನು ಉಕ್ಕಿನ ಉದ್ಯಮಿ ಆ್ಯಂಡ್ರೂ ಕಾರ್ನೆಗಿಯ ಬೆಂಬಲದೊಡನೆ, ಬಲಿಷ್ಠವಾಗಿದ್ದ ಪೆನ್ಸಿಲ್ವೇನಿಯಾ ರೈಲ್ವೆಗೆ ಪ್ರತಿಸ್ಪರ್ಧಿಯಾಗಿ ಈ ಪರ್ವತಗಳ ಮೂಲಕ ದಕ್ಷಿಣ ಪೆನ್ಸಿಲ್ವೇನಿಯಾ ರೈಲುಮಾರ್ಗವನ್ನು ಹಾಕಿಸತೊಡಗಿದನು. ಸಾವಿರಾರು ಕೂಲಿಗಳು ಒಂಬತ್ತು ಸುರಂಗಗಳನ್ನು ಕೊರೆಯುತ್ತಿದ್ದರು. ಆದರೆ ೧೮೮೫ರಲ್ಲಿ ಬ್ಯಾಂಕಿನ ಧಣಿ ಜೆ. ಪಿ. ಮಾರ್ಗನ್ನನು ಎರಡು ಪಕ್ಷಗಳಿಗೂ ಸಂಧಿ ಮಾಡಿಸಿದನು; ಕೆಲಸವು ಅರ್ಧದಲ್ಲಿಯೇ ನಿಂತಿತು. ನೀರು ತುಂಬಿದ ಸುರಂಗಗಳು ಅರ್ಧ ಶತಮಾನ ಕಾಲ ಹಾಗೆಯೇ ಉಳಿದುವು.

ಇಂದಿನ ರಸ್ತೆಯ ರೇಖೆಯನ್ನು ನಿರ್ಧರಿಸಿದುದು ಈ ಭಗ್ನಾವಶೇಷವೇ ಎಂಬುದು ಗಮನಾರ್ಹ. ರೈಲಿಗೆ ಬೇಕಾದುದು ಮಂದವಾದ ಏರು, ವಿಶಾಲವಾದ ತಿರುವು. ವೇಗದ ಮೋಟಾರು ವಾಹನಕ್ಕೂ ಬೇಕಾದುವು ಅವೇ. ೧೯೩೫ರಲ್ಲಿ ರಾಜ್ಯದ ಶಾಸನಸಭೆಯಲ್ಲಿ ಕ್ಲಿಫ್ ಪ್ಯಾಟರ್‌ಸನ್ ಎಂಬ ಸದಸ್ಯನು ಈ ಸುರಂಗಗಳನ್ನು ರಸ್ತೆಗೆ ಬಳಸಬಹುದೇ ಎಂಬುದನ್ನು ಪರಿಶೀಲಿಸಬೇಕೆಂಬ ಗೊತ್ತುವಳಿಯನ್ನು ತಂದನು. ೧೯೩೭ರ ಮೇ ತಿಂಗಳಲ್ಲಿ ಗವರ್ನರ್ ಜಾರ್ಜ್ ಅರ್ಲ್‌ನ ಸಹಿಯೊಡನೆ ಟರ್ನ್‌ಪೈಕ್ ಕಮಿಷನ್ ಸ್ಥಾಪಿತವಾಯಿತು.

೨. ಹಣ ಮತ್ತು ನಿರ್ಮಾಣ

ಕಮಿಷನ್ನಿನ ಸಾಲಪತ್ರಗಳನ್ನು ಕೊಳ್ಳಲು ಖಾಸಗಿ ಬಂಡವಾಳಗಾರರು ಮುಂದೆ ಬರಲಿಲ್ಲ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ನಿರುದ್ಯೋಗ ನಿವಾರಣೆಗೆ ಮಾರ್ಗಗಳನ್ನು ಅರಸುತ್ತಿದ್ದ ರೂಸ್‌ವೆಲ್ಟರ ಸರ್ಕಾರವೇ ಕೈಹಿಡಿಯಬೇಕಾಯಿತು. ಲೋಕೋಪಯೋಗಿ ಕಾರ್ಯಗಳ ಕೇಂದ್ರಸಂಸ್ಥೆಯು ೨ ಕೋಟಿ ೯೦ ಲಕ್ಷಕ್ಕೂ ಹೆಚ್ಚು ಡಾಲರುಗಳನ್ನು ಅನುದಾನವಾಗಿ ಕೊಟ್ಟಿತು. ಪುನರ್ನಿರ್ಮಾಣ ಹಣಕಾಸು ಕಾರ್ಪೊರೇಷನ್ ೪ ಕೋಟಿಗೂ ಮಿಕ್ಕ ಡಾಲರುಗಳ ಸಾಲಪತ್ರಗಳನ್ನು ಕೊಂಡಿತು. ಹೀಗೆ ಕೂಡಿದ ಸುಮಾರು ೭ ಕೋಟಿ ಡಾಲರುಗಳಿಂದ ೧೯೩೮ರ ಅಕ್ಟೋಬರಿನಲ್ಲಿ ಪ್ರಾರಂಭವಾದ ಕೆಲಸ ಎರಡು ವರ್ಷ ತುಂಬುವುದರೊಳಗೆ ಮುಗಿಯಿತು. ದುಡಿದವರ ಸಂಖ್ಯೆ ಸುಮಾರು ೧೫,೦೦೦.

ಇದೇ ಸಮಯದಲ್ಲಿ, ಅಂದರೆ ೧೯೩೯ರಲ್ಲಿ, ಕೇಂದ್ರದ ಸಾರ್ವಜನಿಕ ರಸ್ತೆಗಳ ಇಲಾಖೆ ವರದಿಯೊಂದನ್ನು ಒಪ್ಪಿಸಿ, ದೇಶದಾದ್ಯಂತ ಸುಂಕದ ಹೆದ್ದಾರಿಗಳನ್ನು ಹಾಕಿದರೆ ಅವು ತಮ್ಮ ಖರ್ಚನ್ನು ತಾವೇ ತೀರಿಸಲಾರವೆಂದು ತೀರ್ಮಾನಿಸಿತ್ತು. ಪೆನ್ಸಿಲ್ವೇನಿಯಾದ ಹೊಸ ರಸ್ತೆಯಲ್ಲಿ ದಿನಕ್ಕೆ ೭೧೫ ವಾಹನಗಳು ಮಾತ್ರ ಸಂಚರಿಸಬಹುದೆಂಬುದು ಅದರ ಅಂದಾಜು. ವರ್ಷಕ್ಕೆ ಲೆಕ್ಕ ಹಾಕಿದರೆ ಎರಡೂವರೆ ಲಕ್ಷಕ್ಕೆ ತುಸು ಹೆಚ್ಚು. ಮೊದಲ ವರ್ಷ ವಾಸ್ತವವಾಗಿ ಬಂದ ವಾಹನಗಳಾದರೋ ೨೪ ಲಕ್ಷ. ಹಳೆಯ ರಸ್ತೆಗಳ ಎಣಿಕೆಯನ್ನು ಆಧಾರವಾಗಿಟ್ಟುಕೊಂಡ ಇಲಾಖೆಯು, ಒಳ್ಳೆಯ ರಸ್ತೆಯೇ ಹೊಸ ಸಂಚಾರವನ್ನು ಹುಟ್ಟಿಸುತ್ತದೆಂಬುದನ್ನು ಕಾಣಲಿಲ್ಲವೆಂದು ನಮಗೆ ತೋರುತ್ತದೆ.

೩. ರಸ್ತೆಯ ವಿನ್ಯಾಸ

ಮೊದಲ ರಸ್ತೆಯು ಪಶ್ಚಿಮದಲ್ಲಿ ಪಿಟ್ಸ್‌ಬರ್ಗಿನ ಬಳಿಯ ಅರ್ವಿನ್‌ನಿಂದ ಪೂರ್ವದಲ್ಲಿ ಹ್ಯಾರಿಸ್‌ಬರ್ಗಿನ ಸಮೀಪದ ಕಾರ್ಲೈಲ್‌ವರೆಗೆ ೧೬೦ ಮೈಲಿಗಳಷ್ಟಿತ್ತು. ಸರ್ಕಾರ ವಶಪಡಿಸಿಕೊಂಡ ನೆಲದ ಅಗಲ ೨೦೦ ಅಡಿ. ಅದರಲ್ಲಿ ಹನ್ನೆರಡು ಹನ್ನೆರಡು ಅಡಿಗಳ ನಾಲ್ಕು ವಾಹನಸಾಲುಗಳು, ಎದುರುಬದುರು ಸಂಚಾರವನ್ನು ಬೇರ್ಪಡಿಸುವ ೧೦ ಅಡಿಯ ನಡುಪಟ್ಟಿ, ಎರಡು ಅಂಚುಗಳಲ್ಲಿಯೂ ೧೦ ಅಡಿಯ ಪಕ್ಕದಾರಿ. ಯಾವ ರಸ್ತೆಯೂ ರೈಲುಹಳಿಯೂ ಇದನ್ನು ಸಮತಲದಲ್ಲಿ ಅಡ್ಡಹಾಯುವಂತಿರಲಿಲ್ಲ. ಎಲ್ಲವೂ ಸೇತುವೆಗಳ ಮೇಲೆ ಇಲ್ಲವೇ ಕೆಳಗೆ. ನೆರೆಯ ಲಿಂಕನ್ ಹೆದ್ದಾರಿಯಲ್ಲಿ ನೂರಕ್ಕೆ ಒಂಬತ್ತರವರೆಗೆ ಇದ್ದ ಏರು ಇಲ್ಲಿ ನೂರಕ್ಕೆ ಮೂರನ್ನು ಮೀರಲಿಲ್ಲ.

ಲಾರೆಲ್ ಹಿಲ್, ಅಲೆಘೆನಿ, ರೇಸ್ ಹಿಲ್, ಸೈಡ್ಲಿಂಗ್ ಹಿಲ್, ಟಸ್ಕರೋರ, ಕಿಟಟಿನಿ, ಬ್ಲೂ ಮೌಂಟನ್ ಎಂಬ ಏಳು ಬೆಟ್ಟಗಳನ್ನು ರಸ್ತೆಯು ಏಳು ಸುರಂಗಗಳಿಂದ ಭೇದಿಸಿತು. ಆರು ಕಡೆ ಹಳೆಯ ರೈಲುಸುರಂಗಗಳನ್ನೇ ಅಗಲಿಸಿ ಮುಗಿಸಿದರು. ಅಲೆಘೆನಿಯಲ್ಲಿ ಮಾತ್ರ ಹೊಸದನ್ನು ಕೊರೆದರು. ಒಳಹೋಗುವ ಮತ್ತು ಹೊರಬರುವ ಸ್ಥಾನಗಳು ಕೇವಲ ಹನ್ನೊಂದು. ಪ್ರಯಾಣಿಕನು ಒಳಹೊಗುವಾಗ ಚೀಟಿಯನ್ನು ಪಡೆದು, ಹೊರಡುವಾಗ ಕ್ರಮಿಸಿದ ದೂರಕ್ಕೆ ತಕ್ಕಂತೆ ಹಣ ಕೊಡುತ್ತಿದ್ದನು. ಪೂರ್ತಿ ದೂರಕ್ಕೆ ಕಾರಿನ ಸುಂಕ ಒಂದೂವರೆ ಡಾಲರು. ಮೈಲಿಗೆ ಸುಮಾರು ಒಂದು ಸೆಂಟು. ದಾರಿಗಳು ಕಡಮೆಯಾಗಿದ್ದುದರಿಂದಲೇ ಈ ವಸೂಲಿ ಸುಲಭವಾಯಿತು. ಸುಂಕದ ಕಟ್ಟೆಯೂ ರಸ್ತೆಯ ರೂಪವನ್ನು ತಿದ್ದಿತೆಂಬುದಕ್ಕೆ ಇದು ನಿದರ್ಶನ.

ವಿನ್ಯಾಸದ ದೌರ್ಬಲ್ಯವಿದ್ದುದು ಅದರ ಹೆಮ್ಮೆಯಾದ ಸುರಂಗಗಳಲ್ಲಿಯೇ. ನಾಲ್ಕು ಸಾಲುಗಳ ರಸ್ತೆ ಸುರಂಗದ ಬಾಯಲ್ಲಿ ಎರಡು ಸಾಲಿಗೆ ಕುಗ್ಗುತ್ತಿತ್ತು. ಸಂಚಾರ ಬೆಳೆದಂತೆ ವಾಹನಗಳು ಮೈಲಿಗಟ್ಟಲೆ ನಿಲ್ಲತೊಡಗಿದುವು. ೧೯೬೪ರಲ್ಲಿ ಲಾರೆಲ್ ಹಿಲ್ ಸುರಂಗವನ್ನು ಬಿಟ್ಟು ಬೆಟ್ಟದ ಮೇಲೆ ರಸ್ತೆ ಹಾಕಿದರು. ೧೯೬೮ರಲ್ಲಿ ರೇಸ್ ಹಿಲ್ ಮತ್ತು ಸೈಡ್ಲಿಂಗ್ ಹಿಲ್ ಸುರಂಗಗಳೊಡನೆ ೧೩ ಮೈಲಿಗಳ ಹಳೆಯ ದಾರಿ ತ್ಯಕ್ತವಾಯಿತು. ಉಳಿದ ನಾಲ್ಕು ಕಡೆ ಜೋಡಿ ಸುರಂಗಗಳಾದುವು. ರೈಲುಮಾರ್ಗದ ಅವಶೇಷದಿಂದ ಹುಟ್ಟಿದ ರಸ್ತೆ ತಾನೂ ಒಂದು ಅವಶೇಷವನ್ನು ಹಿಂದೆ ಬಿಟ್ಟಿತು.

೪. ಸುಂಕದ ಅವಧಿ

ಮೂಲ ಶಾಸನದ ಆಶಯದಂತೆ, ಸಾಲ ತೀರಿದೊಡನೆ ರಸ್ತೆಯು ರಾಜ್ಯದ ಹೆದ್ದಾರಿ ಇಲಾಖೆಗೆ ಸೇರಿ ಸುಂಕರಹಿತವಾಗಬೇಕಾಗಿತ್ತು. ಆದರೆ ಲಾಭದಾಯಕವಾದ ರಸ್ತೆಯನ್ನು ವಿಸ್ತರಿಸುವ ಅಪೇಕ್ಷೆ ಸಹಜವಾಗಿಯೇ ಮೂಡಿತು. ೧೯೫೦ರಲ್ಲಿ ಪೂರ್ವಕ್ಕೆ ೧೦೦ ಮೈಲಿ, ೧೯೫೧ರಲ್ಲಿ ಪಶ್ಚಿಮಕ್ಕೆ ಒಹಾಯೊ ಗಡಿಯವರೆಗೆ ೬೭ ಮೈಲಿ, ೧೯೫೪ರಲ್ಲಿ ಡೆಲವೇರ್ ನದಿಯ ಕಡೆಗೆ ಮತ್ತೊಂದು ಭಾಗ ಸೇರಿ, ಒಟ್ಟು ಉದ್ದ ಸುಮಾರು ೩೬೦ ಮೈಲಿಗಳಾಯಿತು. ಪ್ರತಿ ವಿಸ್ತರಣೆಗೂ ಹೊಸ ಸಾಲ. ಪ್ರತಿ ಹೊಸ ಸಾಲಕ್ಕೂ ಸುಂಕದ ಹೊಸ ಆಯುಸ್ಸು.

೧೯೫೬ರ ಕೇಂದ್ರ ಹೆದ್ದಾರಿ ಶಾಸನ ನೂರಕ್ಕೆ ತೊಂಬತ್ತು ಪಾಲು ವೆಚ್ಚವನ್ನು ಕೇಂದ್ರವೇ ವಹಿಸುವ, ಸುಂಕವಿಲ್ಲದ ೪೧,೦೦೦ ಮೈಲಿಗಳ ಅಂತರರಾಜ್ಯ ಮಾರ್ಗಗಳನ್ನು ಯೋಜಿಸಿತು. ಸುಂಕದ ರಸ್ತೆಗೆ ಕೂಡುವ ದಾರಿಗೆ ಕೇಂದ್ರದ ಹಣ ಬೇಕಾದರೆ, ಸಾಲ ತೀರಿದ ಮೇಲೆ ಸುಂಕವನ್ನು ನಿಲ್ಲಿಸುವುದಾಗಿ ಒಪ್ಪಂದ ಮಾಡಿಕೊಳ್ಳಬೇಕಿತ್ತು. ಬ್ರೀಝ್‌ವುಡ್ ಎಂಬ ಊರಿನಲ್ಲಿ ಅಂತಹ ಒಪ್ಪಂದವಾಗಲಿಲ್ಲ. ಪರಿಣಾಮವಾಗಿ ಎಪ್ಪತ್ತನೆಯ ಸಂಖ್ಯೆಯ ಅಂತರರಾಜ್ಯ ಹೆದ್ದಾರಿ ಅಲ್ಲಿ ಊರಬೀದಿಗೆ ಇಳಿದು, ಪೆಟ್ರೋಲು ಅಂಗಡಿ ಉಪಾಹಾರಗೃಹಗಳ ನಡುವೆ ಸಂಚಾರದೀಪಗಳಿಗೆ ಕಾಯ್ದು, ಅನಂತರ ಟರ್ನ್‌ಪೈಕನ್ನು ಸೇರುವಂತಾಯಿತು. ಶಾಸನದ ಒಂದು ವಾಕ್ಯ ನೆಲದ ಮೇಲೆ ಮೂಡಿಸಿದ ಗುರುತು ಇದು.

೨೦೦೭ರ ರಾಜ್ಯಶಾಸನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ರಾಜ್ಯದ ಇತರ ರಸ್ತೆಗಳಿಗೂ ನಗರಸಾರಿಗೆಗೂ ಟರ್ನ್‌ಪೈಕ್ ಕಮಿಷನ್ನೇ ವರ್ಷ ವರ್ಷವೂ ಹಣ ಕೊಡಬೇಕೆಂದು ಅದು ಕಟ್ಟುಮಾಡಿತು. ಈ ಹೊರೆ ಹಲವು ವರ್ಷ ೪೫ ಕೋಟಿ ಡಾಲರುಗಳಷ್ಟಿದ್ದು, ೨೦೨೨ರಿಂದ ೫ ಕೋಟಿಗೆ ಇಳಿಯಿತು. ಅದಕ್ಕಾಗಿ ಮಾಡಿದ ಸಾಲವನ್ನು ತೀರಿಸುವವರು ಮಾತ್ರ ಸುಂಕ ಕೊಡುವ ಪ್ರಯಾಣಿಕರೇ. ೨೦೨೦ರಲ್ಲಿ ಕಟ್ಟೆಗಳಲ್ಲಿ ನಗದು ಸ್ವೀಕಾರ ನಿಂತು ವಿದ್ಯುನ್ಮಾನ ವಸೂಲಿ ಬಂದಿತು; ಸುಂಕ ಪಡೆಯುತ್ತಿದ್ದ ಕೈಗಳು ಮರೆಯಾದುವು, ಸುಂಕ ಮರೆಯಾಗಲಿಲ್ಲ.

ಈ ಚರಿತ್ರೆಯಿಂದ ಸುಂಕದ ಪದ್ಧತಿಯೇ ಅನ್ಯಾಯವೆಂದು ನಾವು ಸಾಧಿಸಹೊರಟಿಲ್ಲ. ಖಾಸಗಿ ಬಂಡವಾಳ ಹಿಂಜರಿದು, ರಸ್ತೆ ಇಲಾಖೆ ಸಂದೇಹಪಟ್ಟ ಕಾಲದಲ್ಲಿ ಪರ್ವತಗಳ ನಡುವೆ ಸುಗಮ ಮಾರ್ಗವಾದುದು ಸುಂಕದ ಭರವಸೆಯಿಂದಲೇ. ಆದರೆ ‘ಬಳಸುವವನು ತನ್ನ ರಸ್ತೆಗೆ ಕೊಡಲಿ’ ಎಂಬ ತತ್ತ್ವಕ್ಕೂ ‘ಬಳಸುವವನು ಬೇರೆ ರಸ್ತೆಗಳಿಗೂ ಕೊಡಲಿ’ ಎಂಬ ಆಚರಣೆಗೂ ಬಹಳ ಅಂತರವುಂಟು. ಮೊದಲನೆಯದು ಬೆಲೆ, ಎರಡನೆಯದು ತೆರಿಗೆ. ಒಂದು ಮತ್ತೊಂದಾದುದು ಯಾವ ಒಂದು ದಿನದ ನಿರ್ಣಯದಿಂದಲೂ ಅಲ್ಲ. ಒಂದೊಂದಾಗಿ ಸಕಾರಣವೆನಿಸಿದ ಸಾಲಗಳಿಂದ. ಸಾರ್ವಜನಿಕ ಹಣಕಾಸಿನ ಚರಿತ್ರೆಯನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಶಾಸನದ ಮೊದಲ ವಾಗ್ದಾನವನ್ನಷ್ಟೇ ಓದಿ ನಿಲ್ಲದೆ, ಅದರ ಹಿಂದೆ ಬಂದ ಸಾಲಪತ್ರಗಳನ್ನೂ ಓದಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.