ಒಂದು ಹೊಳೆ, ಎರಡು ಮೀನು

ಗುಂಡ್ಲುಪೇಟೆ ದಾಟಿ, ಬಂಡೀಪುರದ ಚೆಕ್‌ಪೋಸ್ಟ್‌ನಲ್ಲಿ ಗಾಡಿ ನಿಧಾನ ಮಾಡಿ, ಊಟಿಗೆ ಹೋಗಿದ್ದೀರಲ್ವಾ? ಆ ರಸ್ತೆಯಲ್ಲಿ ಎಲ್ಲರ ಕಣ್ಣೂ ಆನೆ ಎಲ್ಲಿ, ಹುಲಿ ಎಲ್ಲಿ ಅಂತ ಹುಡುಕುತ್ತಿರುತ್ತೆ. ಗಡಿ ದಾಟಿದ ಮೇಲೆ ತೆಪ್ಪಕಾಡಿನ ಸೇತುವೆ ಕೆಳಗೆ ಹರಿಯೋ ಹೊಳೆಯನ್ನು ಯಾರೂ ಅಷ್ಟಾಗಿ ನೋಡಲ್ಲ. ಮೇಲೆ ಮುಕುರ್ತಿ ಬೆಟ್ಟದ ಕಡೆ ಹುಟ್ಟುವಾಗ ಅದರ ಹೆಸರು ಪೈಕಾರ. ಕೆಳಗಿಳಿದ ಮೇಲೆ ಮೋಯಾರ್. ನಮ್ಮ ಬಂಡೀಪುರಕ್ಕೂ ತಮಿಳುನಾಡಿನ ಮುದುಮಲೈಗೂ ನಡುವೆ ಗಡಿಯಾಗಿ ಹರಿದು, ಭವಾನಿ ಸೇರಿ, ಕೊನೆಗೆ ಕಾವೇರಿ ಸೇರುತ್ತೆ.

ವೀಕ್ಷಕರೇ, ಇವತ್ತಿನ ಕಥೆ ಈ ಒಂದೇ ಹೊಳೆಯ ಎರಡು ಮೀನುಗಳದು. ಮೇಲಿನ ತಣ್ಣೀರಿನಲ್ಲಿ ಟ್ರೌಟ್. ಕೆಳಗೆ ಕಣಿವೆಯಲ್ಲಿ ಮಹಶೀರ್, ಅಂದರೆ ನಮ್ಮ ಕಾವೇರಿ ತೀರದವರು ಬಿಳಿಮೀನು ಅಂತ ಕರೆಯೋದು. ಒಂದನ್ನು ಹಡಗು ಹತ್ತಿಸಿ ಕರೆತಂದರು. ಇನ್ನೊಂದು ಮೊದಲಿನಿಂದಲೂ ಇಲ್ಲೇ ಇತ್ತು. ಯಾರಿಗೆ ಎಂಥ ಉಪಚಾರ ಸಿಕ್ಕಿತು ಅನ್ನೋದೇ ಪ್ರಶ್ನೆ.

ಮೊದಲು ಟ್ರೌಟ್ ಹಿಡಿಯೋ ಗಾಳದ ವಿಷಯ. ಎರೆಹುಳು ಚುಚ್ಚಿ ಕೂರೋ ಕೆಲಸ ಅಲ್ಲ ಇದು. ಒಂದು ಪುಟ್ಟ ಕೊಕ್ಕೆ ತಗೊಳ್ಳಿ. ಅದರ ಮೇಲೆ ಕಿತ್ತಳೆ ಬಣ್ಣದ ರೇಷ್ಮೆ ದಾರವನ್ನು ಒತ್ತೊತ್ತಾಗಿ ಸುತ್ತಿ. ಅದು ಹುಳುವಿನ ಮೈ. ಆಮೇಲೆ ಕೌಜುಗ ಹಕ್ಕಿಯ ಒಂದು ಮೆತ್ತನೆ ಗರಿಯನ್ನು ಕೊಕ್ಕೆಯ ತಲೆಯ ಹತ್ತಿರ ಒಂದೆರಡು ಸುತ್ತು ಸುತ್ತಿ, ಗಂಟು ಹಾಕಿ. ಅದು ಹುಳುವಿನ ಕಾಲು, ರೆಕ್ಕೆ. ಮುಗೀತು! ಇದರ ಹೆಸರು ಪಾರ್ಟ್ರಿಡ್ಜ್ ಅಂಡ್ ಆರೆಂಜ್. ಈ ಜಾತಿಯ ಗಾಳಕ್ಕೆ ಸಾಫ್ಟ್ ಹ್ಯಾಕಲ್ ವೆಟ್ ಫ್ಲೈ ಅಂತಾರೆ. ನೀರಿನ ಮೇಲೆ ತೇಲದೆ ಒಳಗೇ ಓಡಾಡೋ ಮೆತ್ತನೆ ಗರಿಯ ಹುಳು ಅಂತ ಇಟ್ಟುಕೊಳ್ಳಿ.

ಎಂಜಿನಿಯರಿಂಗ್ ಓದಿದವನಿಗೆ ಇದರಲ್ಲಿ ಇಷ್ಟವಾಗೋದು ಏನು ಗೊತ್ತಾ? ಹುಂಜದ ಕತ್ತಿನ ಗರಿ ಬಿರುಸು, ಅದು ಫ್ಲೈಯನ್ನು ನೀರಿನ ಮೇಲೆ ತೇಲಿಸುತ್ತೆ. ಕೌಜುಗದ ಗರಿ ಮೆತ್ತಗೆ, ಅದು ನೀರು ಕುಡಿದು ಮುಳುಗುತ್ತೆ, ಸಣ್ಣ ಸೆಳೆತಕ್ಕೂ ಎಳೆ ಎಳೆಯಾಗಿ ಅಲುಗಾಡುತ್ತೆ. ದಾರವನ್ನು ಹೊಳೆಗೆ ಅಡ್ಡಲಾಗಿ, ಸ್ವಲ್ಪ ಕೆಳಮುಖವಾಗಿ ಎಸೀತಾರೆ. ಪ್ರವಾಹ ದಾರವನ್ನು ಬಿಗಿ ಮಾಡಿದಂತೆ ಫ್ಲೈ ಕಮಾನಿನ ಹಾಗೆ ತಿರುಗುತ್ತಾ ಮೇಲೇಳುತ್ತೆ. ತಳದಿಂದ ಎದ್ದು ರೆಕ್ಕೆ ಬಿಚ್ಚೋಕೆ ಹೊರಟ ಹುಳುವಿನ ಥರಾನೇ. ಟ್ರೌಟ್ ಮೋಸ ಹೋಗೋದು ಅಲ್ಲೇ. ಅಲ್ಲಿ ಮೋಟಾರ್ ಇಲ್ಲ, ಬ್ಯಾಟರಿ ಇಲ್ಲ, ಎಲ್ಲ ಕೆಲಸವನ್ನೂ ನೀರೇ ಮಾಡುತ್ತೆ.

ಈ ವಿದ್ಯೆ ಹಳೆಯದು. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಗಾಳದ ಪುಸ್ತಕದಲ್ಲೇ ಹನ್ನೆರಡು ಫ್ಲೈ ಕಟ್ಟೋ ವಿವರ ಇದೆ. 1857ರಲ್ಲಿ ಸ್ಕಾಟ್ಲೆಂಡಿನ ಡಬ್ಲ್ಯೂ.ಸಿ. ಸ್ಟೀವರ್ಟ್, 1885ರಲ್ಲಿ ಯಾರ್ಕ್‌ಶೈರಿನ ಟಿ.ಇ. ಪ್ರಿಟ್ ಇವುಗಳ ಬಗ್ಗೆ ಪುಸ್ತಕ ಬರೆದರು. ಅವರ ಮೂಲಮಂತ್ರ ಒಂದೇ. ನಿನ್ನ ಹೊಳೆಯನ್ನು ನೋಡು. ಅಲ್ಲಿ ಯಾವ ತಿಂಗಳು ಯಾವ ಹುಳು ಏಳುತ್ತೆ ಅಂತ ತಿಳ್ಕೋ. ಸುತ್ತಮುತ್ತಲ ಹಕ್ಕಿಯ ಗರಿಯಿಂದಲೇ ಅದನ್ನು ಕಟ್ಟು.

ಇಷ್ಟು ಸೂಕ್ಷ್ಮವಾಗಿ ತಮ್ಮೂರ ಹೊಳೆ ನೋಡಿದ ಜನ ನಮ್ಮೂರಿಗೆ ಬಂದಾಗ ಏನು ಮಾಡಿದರು? ನೀಲಗಿರಿಯಲ್ಲಿ ಅವರಿಗೆ ಮನೆಯ ಚಳಿ ಸಿಕ್ಕಿತು, ಮನೆಯ ಮೀನು ಸಿಗಲಿಲ್ಲ. ಸರಿ, ಅದನ್ನೂ ತರೋಣ ಅಂದರು! 1860ರ ದಶಕದಲ್ಲಿ ಮದ್ರಾಸ್ ಸರ್ಕಾರದ ವೈದ್ಯ, ಮೀನುಗಳ ಪಂಡಿತ ಫ್ರಾನ್ಸಿಸ್ ಡೇ ಟ್ರೌಟ್ ತರೋ ಪ್ರಯತ್ನ ಮಾಡಿ ಸೋತರು. 1879ರಲ್ಲಿ ನೀಲಗಿರಿಯ ಬೇಟೆಪ್ರಾಣಿ, ಮೀನು ಕಾಪಾಡೋಕೆ ಅಂತ ಒಂದು ಕಾಯ್ದೆಯೇ ಬಂತು. ಯಾರಿಗಾಗಿ ಕಾಪಾಡೋದು? ಬೇಟೆ ಆಡೋರಿಗಾಗಿ! 20ನೇ ಶತಮಾನದ ಮೊದಲ ದಶಕದಲ್ಲಿ ಎಚ್.ಸಿ. ವಿಲ್ಸನ್ ಅನ್ನುವವರ ಕಾಲಕ್ಕೆ ಅವಲಾಂಚೆಯಲ್ಲಿ ಮೊಟ್ಟೆ ಮರಿ ಮಾಡಿಸೋ ಕೇಂದ್ರ ಶುರುವಾಗಿ, ಕೊನೆಗೆ ನೆಲೆ ನಿಂತದ್ದು ರೇನ್‌ಬೋ ಟ್ರೌಟ್. ಅದರ ತವರು ಇಂಗ್ಲೆಂಡ್ ಕೂಡ ಅಲ್ಲ, ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿ.

ಇತ್ತ ನಮ್ಮ ಕಾಡಿನಿಂದ ಅತ್ತ ಹೋದದ್ದೇನು? ಗರಿ! ಬಂಡೀಪುರ, ಬಿಳಿಗಿರಿರಂಗನ ಬೆಟ್ಟದಲ್ಲಿ ಬೆಳಗ್ಗೆ ಕೂಗೋ ಬೂದು ಕಾಡುಕೋಳಿ ಗೊತ್ತಲ್ಲ? ಅದರ ಹುಂಜದ ಕತ್ತಿನ ಗರಿಯಲ್ಲಿ ಮೇಣ ಹಚ್ಚಿದಂಥ ಹೊಳೆಯೋ ಚುಕ್ಕೆ ಇರುತ್ತೆ. ಆ ಕೋಳಿ ಕಾಡಿನಲ್ಲಿ ಬದುಕೋದು ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲ. ಸಾಲ್ಮನ್ ಹಿಡಿಯೋ ಜಾಕ್ ಸ್ಕಾಟ್‌ನಂಥ ಅಲಂಕಾರದ ಫ್ಲೈಗಳಿಗೆ ಇದೇ ಬೇಕು. ಯಾರ್ಕ್‌ಶೈರಿನ ರೈತನಿಗೆ ಪಕ್ಕದ ಹೊಲದ ಕೌಜುಗ ಸಾಕಾಗಿತ್ತು, ಸಾಹೇಬರ ಶೋಕಿಗೆ ನಮ್ಮ ಕಾಡುಕೋಳಿಯ ಕತ್ತು ಬೇಕಾಯ್ತು. 1902ರಲ್ಲಿ ಭಾರತದಿಂದ ಗರಿ ರಫ್ತನ್ನು ನಿಷೇಧಿಸಿದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಈಗ ವಿದೇಶದಲ್ಲಿ ಈ ಕೋಳಿಯನ್ನು ಸಾಕಿಯೇ ಗರಿ ಮಾರ್ತಾರೆ.

ಈಗ ಕೆಳಗಿನ ಮೀನಿನ ಕಡೆ ಬನ್ನಿ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯ್ತು. ಸಾಲ್ಮನ್‌ಗಿಂತ ಮಹಶೀರ್ ಹೆಚ್ಚು ಸೆಣಸುತ್ತೆ ಅನ್ನೋದು ಅವರ ವಾದ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಪಕ್ಕದ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಸುಮಾರು 54 ಕೆಜಿ! ಒಬ್ಬ ಆಳಿನ ತೂಕ.

ಇಷ್ಟು ಹೆಸರುವಾಸಿ ಮೀನಿಗೆ ವಿಜ್ಞಾನ ಸರಿಯಾದ ಹೆಸರು ಕೊಟ್ಟದ್ದು ಯಾವಾಗ? 2018ರಲ್ಲಿ. ಕಾವೇರಿಯ ಡುಬ್ಬದ ಮಹಶೀರ್ ಬೇರೆ ಯಾವುದೂ ಅಲ್ಲ, 2007ರಲ್ಲಿ ಕೇರಳದ ಪಾಂಬಾರ್ ಹೊಳೆಯಲ್ಲಿ ಗುರುತಿಸಿದ್ದ ಟಾರ್ ರೆಮಾದೇವಿ ಅಂತ ಆಗ ಖಚಿತವಾಯ್ತು. ಹೆಸರು ಸಿಕ್ಕ ಬೆನ್ನಲ್ಲೇ ಜಾಗತಿಕ ಕೆಂಪು ಪಟ್ಟಿಯಲ್ಲಿ ಅದು ಅಳಿವಿನ ತೀರಾ ಅಂಚಿನಲ್ಲಿರೋ ಮೀನು ಅಂತ ದಾಖಲಾಯ್ತು. ಅಣೆಕಟ್ಟು, ಮರಳುಗಾರಿಕೆ, ಡೈನಮೈಟ್ ಎಲ್ಲವೂ ಕಾರಣ. ಇನ್ನೊಂದು ಕಾರಣ ಕೇಳಿ. ಮಹಶೀರ್ ಹೆಚ್ಚಲಿ ಅಂತ ಒಳ್ಳೇ ಮನಸ್ಸಿನಿಂದಲೇ ಮಹಾರಾಷ್ಟ್ರದ ಲೋನಾವಳದ ಮರಿಕೇಂದ್ರದಿಂದ ಬೇರೊಂದು ಜಾತಿಯ ಮಹಶೀರ್ ಮರಿ ತಂದು ಕಾವೇರಿಗೆ ಬಿಟ್ಟರು. ಹೊರಗಿನದು ಬೆಳೆಯಿತು, ಊರಿನದು ಕರಗಿತು. ಬ್ರಿಟಿಷರು ಹೋದರೂ ಅವರ ಅಭ್ಯಾಸ ಹೋಗಲಿಲ್ಲ!

ಆ ಡುಬ್ಬದ ಮಹಶೀರ್ ಇನ್ನೂ ಉಳಿದಿರೋ ಕೆಲವೇ ಜಾಗಗಳಲ್ಲಿ ಒಂದು ಯಾವುದು ಗೊತ್ತಾ ವೀಕ್ಷಕರೇ? ಇದೇ ಮೋಯಾರ್. ಹುಲಿಗೆ ಅಂತ ಕಾಪಾಡಿದ ಕಾಡು ತನಗೆ ಗೊತ್ತಿಲ್ಲದೆಯೇ ಮೀನನ್ನೂ ಕಾಪಾಡಿಕೊಂಡು ಬಂದಿದೆ.

ಟ್ರೌಟ್ ಮೇಲೆ ನಮಗೆ ಸಿಟ್ಟು ಬೇಕಾಗಿಲ್ಲ. ಅದು ತಾನಾಗಿ ಬಂದದ್ದಲ್ಲ. ಗರಿಯ ಗಾಳ ಕಟ್ಟೋ ವಿದ್ಯೆಯ ಮೇಲೂ ಸಿಟ್ಟು ಬೇಡ. ಅದು ಹೇಳಿಕೊಟ್ಟ ಪಾಠ ಬಹಳ ದೊಡ್ಡದು: ಮೊದಲು ನಿನ್ನ ಹೊಳೆ ನೋಡು. ಹೇಳಿಕೊಟ್ಟವರೇ ಇಲ್ಲಿ ಅದನ್ನು ಮರೆತರು. ನಾವು ಮರೆತರೆ ಬಿಳಿಮೀನು ಅನ್ನೋ ಕನ್ನಡದ ಮಾತಷ್ಟೇ ಉಳಿಯುತ್ತೆ, ಮೀನು ಉಳಿಯಲ್ಲ.